ಅಮೆರಿಕದಲ್ಲಿ ಓದೋಕೆ ದುಡ್ಡು ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಅಣ್ಣಾ, ಅಮೆರಿಕಕ್ಕೆ ಅಪ್ಲೈ ಮಾಡ್ತಾ ಇದೀನಿ. ಯಾವುದಾದ್ರೂ ಸ್ಕಾಲರ್‌ಶಿಪ್ ಇದ್ರೆ ಹೇಳಿ." ಅಲ್ಲಿ ಟಿಎ (ಪ್ರೊಫೆಸರ್ ಪಾಠಕ್ಕೆ ನೆರವಾಗುವ) ಕೆಲಸ ಮಾಡಿಕೊಂಡು ಪಿಎಚ್‌ಡಿ ಮುಗಿಸಿದವನು ನಾನು. ಹಾಗಾಗಿ ಕೇಳುತ್ತಾರೆ, ನಾನೂ ಹೇಳುತ್ತೇನೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಮೆರಿಕ ಸರ್ಕಾರ ನಮಗೆ ಏನಾದರೂ ಕೊಡುತ್ತಾ? ಫಾಫ್ಸಾ ಫಾರ್ಮ್ ತುಂಬಬೇಕಾ?

ಬೇಡ. ಫಾಫ್ಸಾ ಅಂದರೆ ಫೆಡರಲ್ ಸರ್ಕಾರದ ಸಹಾಯಕ್ಕೆ ಹಾಕುವ ಅರ್ಜಿ, ಅದು ಇರುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಫೆಡರಲ್ ಸರ್ಕಾರದ ಗ್ರಾಂಟೂ ಇಲ್ಲ, ಸಾಲವೂ ಇಲ್ಲ.

ಹಾಗಾದರೆ ದುಡ್ಡು ಕೊಡುವವರು ಯಾರು?

ವಿಶ್ವವಿದ್ಯಾಲಯವೇ. ಬಹಳ ಜನ ಇಲ್ಲೇ ಎಡವುತ್ತಾರೆ. ಹೊರಗಿನ ಸ್ಕಾಲರ್‌ಶಿಪ್‌ಗಳ ಉದ್ದದ ಪಟ್ಟಿ ಮಾಡಿಕೊಂಡು ಆರು ತಿಂಗಳು ಅದರ ಹಿಂದೆ ಓಡುತ್ತಾರೆ. ಕಾಲೇಜಿನ ಪಟ್ಟಿಯನ್ನು ಮಾತ್ರ ರ‍್ಯಾಂಕಿಂಗ್ ನೋಡಿ ಹತ್ತೇ ನಿಮಿಷದಲ್ಲಿ ಮುಗಿಸುತ್ತಾರೆ. ಅದನ್ನು ತಿರುಗಿಸಬೇಕು. ವಿದೇಶಿ ವಿದ್ಯಾರ್ಥಿಗಳಿಗೆ ಯಾವ ಕಾಲೇಜು ಕೈಬಿಚ್ಚಿ ಕೊಡುತ್ತದೆ ಅಂತ ಮೊದಲು ಹುಡುಕಿ. ಆಮೇಲೆ ಅವುಗಳಲ್ಲಿ ನಿಮಗೆ ಒಗ್ಗುವುದನ್ನು ಆರಿಸಿ.

ಯಾವ ಡಿಗ್ರಿ ಎನ್ನುವುದರ ಮೇಲೂ ಕಥೆ ಬದಲಾಗುತ್ತದೆ. ಪಿಎಚ್‌ಡಿಗೆ ದುಡ್ಡು ಇದೆ. ಬ್ಯಾಚುಲರ್ಸ್‌ಗೆ ಕೆಲವೇ ಕಾಲೇಜುಗಳಲ್ಲಿ ಇದೆ, ಇರುವ ಕಡೆ ಚೆನ್ನಾಗಿಯೇ ಇದೆ. ನಮ್ಮವರು ಅತಿ ಹೆಚ್ಚು ಹೋಗುವ ಎಂಎಸ್‌ಗೆ ಅತಿ ಕಡಿಮೆ.

ಪಿಯುಸಿ ಮುಗಿಸಿ ಬ್ಯಾಚುಲರ್ಸ್‌ಗೆ ಹೋಗಬೇಕು. ಯಾವ ಕಾಲೇಜು ನೋಡಲಿ?

ಎರಡು ಮಾತು ತಿಳಿದಿರಲಿ. ಒಂದು 'ನೀಡ್ ಬ್ಲೈಂಡ್'. ಅಂದರೆ ಸೀಟು ಕೊಡುವಾಗ ನಿಮಗೆ ದುಡ್ಡಿನ ಸಹಾಯ ಬೇಕೋ ಬೇಡವೋ ಎಂದು ನೋಡುವುದಿಲ್ಲ. ಇನ್ನೊಂದು 'ನೀಡ್ ಅವೇರ್'. ಅಲ್ಲಿ ಅದನ್ನೂ ನೋಡುತ್ತಾರೆ.

ವಿದೇಶಿಯರಿಗೂ ನೀಡ್ ಬ್ಲೈಂಡ್ ಆಗಿದ್ದು, ಸೀಟು ಸಿಕ್ಕವರಿಗೆ ಕೊರತೆ ಬೀಳುವಷ್ಟನ್ನೂ ತುಂಬಿಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಹಳೆಯವು. 2022ರಲ್ಲಿ ಡಾರ್ಟ್‌ಮತ್, ಬೋಡನ್ ಸೇರಿಕೊಂಡವು. ಆಮೇಲೆ ಬ್ರೌನ್ ಬಂತು. ಹಾರ್ವರ್ಡ್ 2025-26ರಿಂದ ವರ್ಷಕ್ಕೆ 1,00,000 ಡಾಲರ್‌ವರೆಗೆ ಆದಾಯವಿದ್ದು, ತೀರಾ ದೊಡ್ಡ ಆಸ್ತಿ ಇಲ್ಲದ ಮನೆಗಳ ಮಕ್ಕಳಿಂದ ಏನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆಯ ಬಹುತೇಕ ಮೇಷ್ಟ್ರು, ಗುಮಾಸ್ತರು, ರೈತರ ಮನೆಗಳು ಆ ಲೆಕ್ಕದೊಳಗೇ ಬರುತ್ತವೆ. ಸೀಟು ಸಿಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು, ಅದನ್ನು ನಾನು ಹೇಳಬೇಕಿಲ್ಲ.

ನಾನು ಜಾಸ್ತಿ ಹೇಳುವುದು ಎರಡನೇ ಗುಂಪಿನ ಬಗ್ಗೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ, ವಾಸರ್, ವೆಸ್ಲಿಯನ್. ಇಂಥ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳ ಹೆಸರು ನಮ್ಮ ಕಡೆ ಯಾರೂ ಕೇಳಿರುವುದಿಲ್ಲ. "ಆರ್ಟ್ಸ್ ಕಾಲೇಜಾ?" ಅಂತ ಅಪ್ಪಂದಿರು ಮುಖ ಸಿಂಡರಿಸುತ್ತಾರೆ. ಅಲ್ಲಿ ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಎಲ್ಲ ಇದೆ. ಇವು ನೀಡ್ ಅವೇರ್. ಆದರೆ ಸೀಟು ಕೊಟ್ಟರೆ ಕೊರತೆಯನ್ನು ಪೂರ್ತಿ ತುಂಬುತ್ತವೆ.

ಕೆಂಟಕಿಯ ಬೆರಿಯಾ ಕಾಲೇಜು ಇನ್ನೂ ವಿಶೇಷ. ಅಲ್ಲಿ ಯಾರಿಂದಲೂ ಟ್ಯೂಷನ್ ಫೀಸು ತೆಗೆದುಕೊಳ್ಳುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ಕ್ಯಾಂಪಸ್‌ನಲ್ಲಿ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಬೇಕು. ವಿದೇಶಿಯರಿಗೆ ಸೀಟು ತುಂಬಾ ಕಡಿಮೆ.

ಕಾರ್ನೆಲ್‌ನಲ್ಲಿ ಭಾರತೀಯರಿಗೆಂದೇ ಟಾಟಾ ಸ್ಕಾಲರ್‌ಶಿಪ್ ಇದೆ. ಒಂದು ಹೊತ್ತಿಗೆ ಸುಮಾರು 20 ಮಂದಿ ಅದರಲ್ಲಿ ಓದುತ್ತಿರುತ್ತಾರೆ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು?

ಬ್ಯಾಚುಲರ್ಸ್‌ಗೆ ಅಷ್ಟಾಗಿ ನಂಬಬೇಡಿ. ಬರ್ಕ್ಲಿ, ಯುಸಿಎಲ್‌ಎ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ವಿದೇಶಿಯರಿಗೆ ಆದಾಯ ನೋಡಿ ಕೊಡುವ ಸಹಾಯ ಇಲ್ಲ. ಬೇರೆ ರಾಜ್ಯಗಳಲ್ಲಿ ಮಾರ್ಕ್ಸು ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಸಿಗಬಹುದು. ಫೀಸಿನ ಒಂದು ಭಾಗ ಅದರಲ್ಲಿ ಹೋಗುತ್ತದೆ, ಉಳಿದದ್ದು ನಿಮ್ಮದೇ.

"ಸಹಾಯ ಬೇಡ" ಅಂತ ಟಿಕ್ ಮಾಡಿ ಸೀಟು ಹಿಡಿದು, ಹೋದಮೇಲೆ ಕೇಳಬಹುದಾ?

ಈ ಐಡಿಯಾ ಪ್ರತಿ ವರ್ಷ ಯಾರಿಗಾದರೂ ಹೊಳೆಯುತ್ತದೆ. ಬಹಳ ಕಾಲೇಜುಗಳಲ್ಲಿ ವಿದೇಶಿಯರು ಅರ್ಜಿ ಹಾಕುವಾಗಲೇ ಕೇಳದಿದ್ದರೆ ಮುಂದಿನ ನಾಲ್ಕೂ ವರ್ಷ ಕೇಳುವ ಹಾಗಿಲ್ಲ. ಸೀಟು ಕೈಯಲ್ಲಿರುತ್ತದೆ, ಫೀಸು ಕಟ್ಟೋಕೆ ಆಗುವುದಿಲ್ಲ. ಈ ಆಟ ಬೇಡ.

ಸಿಎಸ್‌ಎಸ್ ಪ್ರೊಫೈಲ್ ಅಂದರೆ ಏನು? ನಮ್ಮಪ್ಪ ರೈತರು, ಐಟಿ ರಿಟರ್ನ್ಸೇ ಇಲ್ಲ.

ಮನೆಯ ಆದಾಯ, ಆಸ್ತಿ, ಖರ್ಚು ಎಲ್ಲವನ್ನೂ ಕೇಳುವ ಆನ್‌ಲೈನ್ ಫಾರ್ಮ್ ಅದು. ಕಾಲೇಜ್ ಬೋರ್ಡ್ ನಡೆಸುತ್ತದೆ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16 ಡಾಲರ್. ಅದನ್ನೂ ಕಟ್ಟೋಕೆ ಆಗದಿದ್ದರೆ ಕಾಲೇಜಿನಲ್ಲಿ ದುಡ್ಡಿನ ಸಹಾಯ ನೋಡಿಕೊಳ್ಳುವ ಏಡ್ ಆಫೀಸಿಗೆ ಬರೆಯಿರಿ. ಕೆಲವರು ಫೀಸು ಮಾಫಿ ಮಾಡುವ ಕೋಡ್ ಕಳಿಸುತ್ತಾರೆ. ಇನ್ನು ಕೆಲವರು ಐಎಸ್‌ಎಫ್‌ಎಎ ಎಂಬ ಪುಕ್ಕಟೆ ಫಾರ್ಮ್ ಸಾಕು ಅನ್ನುತ್ತಾರೆ.

ಈಗ ರೈತರ ಮನೆಯ ವಿಷಯ. ಶಿರಸಿ ಕಡೆಯ ಒಬ್ಬ ಹುಡುಗಿಯ ಫಾರ್ಮ್ ತುಂಬಲು ಒಂದು ಇಡೀ ಭಾನುವಾರ ಅವರ ಮನೆಯ ಜಗುಲಿಯಲ್ಲಿ ಕೂತಿದ್ದೆ. ಮೂರು ಎಕರೆ ಅಡಿಕೆ ತೋಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಇಲ್ಲ. ಅವರಪ್ಪ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಸುರಿದರು. ಸೊಸೈಟಿಯಲ್ಲಿ ಅಡಿಕೆ ಹಾಕಿದ ಪಟ್ಟಿಗಳು, ಬೆಳೆಸಾಲದ ಪಾಸ್‌ಬುಕ್, ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಜೊತೆಗೆ ಎರಡು ಮದುವೆ ಕಾಗದ.

ಮೊದಲ ತೊಡಕು ಆದಾಯ ಪ್ರಮಾಣಪತ್ರ. ಅದರಲ್ಲಿ ವರ್ಷಕ್ಕೆ 40,000 ರೂಪಾಯಿ ಅಂತಿತ್ತು. ಸೊಸೈಟಿ ಪಟ್ಟಿ ಕೂಡಿದರೆ ಅದಕ್ಕಿಂತ ಹತ್ತು ಪಟ್ಟು. ನಮ್ಮಲ್ಲಿ ಇದು ಮಾಮೂಲು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಏಡ್ ಆಫೀಸಿನವರು ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೇಳುತ್ತಾರೆ. ಎರಡು ಕಾಗದ ಎರಡು ಮಾತು ಹೇಳಿದರೆ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ. ನಾವು ನಿಜವಾದ ಲೆಕ್ಕವನ್ನೇ ಹಾಕಿದೆವು. ಮೂರು ವರ್ಷದ ಮಾರಾಟ, ಅದರಿಂದ ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ, ಗೊಬ್ಬರ, ಮದ್ದು ಹೊಡೆಸಿದ್ದು ಎಲ್ಲ ಕಳೆದು ಉಳಿದದ್ದು ಎಷ್ಟು ಅಂತ ಒಂದು ಹಾಳೆ. ಕೊಳೆರೋಗ ಬಂದ ವರ್ಷ ಯಾಕೆ ಆದಾಯ ಅರ್ಧಕ್ಕೆ ಇಳಿಯಿತು ಅಂತ ನಾಲ್ಕು ಸಾಲು. ರಿಟರ್ನ್ಸ್ ಸಲ್ಲಿಸುವುದಿಲ್ಲ ಎಂದು ಅಪ್ಪನ ಸಹಿಯ ಒಂದು ಪತ್ರ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ.

ಎರಡನೇ ತೊಡಕು ಜಮೀನಿನ ಬೆಲೆ. ಮೂರು ಎಕರೆ ತೋಟದ ಮಾರುಕಟ್ಟೆ ಬೆಲೆ ಹಾಕಿದರೆ ಕಾಗದದ ಮೇಲೆ ಅವರು ಶ್ರೀಮಂತರು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ, ಪಾಲು ಆಗಿಲ್ಲ, ಇಬ್ಬರು ಚಿಕ್ಕಪ್ಪಂದಿರಿದ್ದಾರೆ. ಇದನ್ನೆಲ್ಲ ಅಮೆರಿಕದ ಅಧಿಕಾರಿ ಊಹಿಸುವುದಿಲ್ಲ, ನಾವೇ ಹೇಳಬೇಕು. ಫಾರ್ಮಿನ ಕೊನೆಗೆ ವಿಶೇಷ ಸಂದರ್ಭಗಳನ್ನು ಬರೆಯುವ ಜಾಗ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ. ಈ ತೋಟವೇ ಮನೆಯ ಅನ್ನ, ಮಾರಿದರೆ ಆದಾಯವೇ ಇಲ್ಲ, ನಮ್ಮ ಪಾಲು ಇಷ್ಟೇ ಅಂತ ನೇರವಾಗಿ ಬರೆಯಿರಿ. ಅಜ್ಜಿಯ ಔಷಧಿ ಖರ್ಚು, ತಮ್ಮನ ಹಾಸ್ಟೆಲ್ ಫೀಸು, ಅವೂ ಅಲ್ಲಿಗೇ.

ಇನ್ನೊಂದು ಚಿಕ್ಕ ವಿಷಯ. ಮೊತ್ತಗಳನ್ನು ರೂಪಾಯಿಯಲ್ಲೇ ತುಂಬಬೇಕು. ಕರೆನ್ಸಿ ಯಾವುದು ಅಂತ ಫಾರ್ಮ್ ಮೊದಲೇ ಕೇಳುತ್ತದೆ. ಅಲ್ಲಿ ಡಾಲರ್ ಅಂತ ಒತ್ತಿ ಆರು ಲಕ್ಷ ಅಂತ ಹಾಕಿದರೆ ನೀವು ಕೋಟ್ಯಧೀಶರ ಮಗ.

ಏಡ್ ಲೆಟರ್ ಬಂದಿದೆ. ಒಂದು ಕಾಲೇಜು 1,20,000 ಡಾಲರ್ ಕೊಟ್ಟಿದೆ! ಅದೇ ದೊಡ್ಡದು ಅಲ್ವಾ?

ಕೊಟ್ಟಿದ್ದೆಷ್ಟು ಅಂತ ನೋಡಬೇಡಿ. ನೀವು ಕಟ್ಟಬೇಕಾದ್ದೆಷ್ಟು ಅಂತ ನೋಡಿ.

ಒಂದು ಉದಾಹರಣೆ. ಮೊದಲ ಕಾಲೇಜಿನ ಕಾಗದದಲ್ಲಿ '1,20,000 ಡಾಲರ್ ಪ್ರೆಸಿಡೆನ್ಶಿಯಲ್ ಸ್ಕಾಲರ್‌ಶಿಪ್' ಅಂತ ದಪ್ಪಕ್ಷರದಲ್ಲಿದೆ. ಅದು ನಾಲ್ಕು ವರ್ಷಕ್ಕೆ, ಅಂದರೆ ವರ್ಷಕ್ಕೆ 30,000. ಅಲ್ಲಿನ ಒಟ್ಟು ಖರ್ಚು ವರ್ಷಕ್ಕೆ 78,000. ನಿಮ್ಮ ಕೈಯಿಂದ ಹೋಗುವುದು 48,000 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ವರ್ಷಕ್ಕೆ 40 ಲಕ್ಷ ದಾಟಿತು.

ಎರಡನೇ ಕಾಲೇಜಿನಲ್ಲಿ ಟ್ಯೂಷನ್ 66,000, ಊಟ ವಸತಿ 18,500, ಪುಸ್ತಕ ಮತ್ತು ಕೈಖರ್ಚು 3,500. ಒಟ್ಟು 88,000. ಕಾಲೇಜಿನ ಗ್ರಾಂಟ್ 71,000. ಕ್ಯಾಂಪಸ್ ಕೆಲಸದಿಂದ 2,800. ಮನೆಯಿಂದ 14,200, ಅಂದರೆ ಸುಮಾರು 12 ಲಕ್ಷ. ಕಾಲೇಜು ದುಬಾರಿ, ನಿಮಗೆ ಮಾತ್ರ ಅಗ್ಗ.

ಮೂರು ಕಡೆ ಕಣ್ಣಿಡಿ. ಹೆಲ್ತ್ ಇನ್ಶೂರೆನ್ಸ್ ಒಟ್ಟು ಖರ್ಚಿನಲ್ಲಿ ಸೇರಿದೆಯಾ? ಕ್ಯಾಂಪಸ್ ಕೆಲಸದ ದುಡ್ಡು ಕೆಲಸ ಮಾಡಿದ ಮೇಲೆ ತಾನೆ ಬರುವುದು, ಮೊದಲ ಸೆಮಿಸ್ಟರ್‌ನ ಬಿಲ್ಲಿಗೆ ಅದು ಆಗುವುದಿಲ್ಲ. ಮತ್ತೆ ಪ್ರತಿ ವರ್ಷ ಫೀಸು ಏರುತ್ತದೆ. ಸ್ಕಾಲರ್‌ಶಿಪ್ಪೂ ಏರುತ್ತದಾ ಅಥವಾ ನಿಂತಲ್ಲೇ ನಿಲ್ಲುತ್ತದಾ ಅಂತ ಕೇಳಿ.

ಎಂಎಸ್ ಮಾಡಬೇಕು. ಬಿಇ ಮುಗಿದಿದೆ, 8.6 ಸಿಜಿಪಿಎ. ಪೂರ್ತಿ ಸ್ಕಾಲರ್‌ಶಿಪ್ ಸಿಗುತ್ತಾ?

ಸಿಗುವುದು ಅಪರೂಪ. ಬೇಸರ ಮಾಡಿಕೊಳ್ಳಬೇಡಿ, ಬಹಳ ಕಡೆ ಎಂಎಸ್ ಕೋರ್ಸೇ ವಿಶ್ವವಿದ್ಯಾಲಯಕ್ಕೆ ಆದಾಯದ ದಾರಿ. ಸೀಟಿನ ಜೊತೆ ಸಾವಿರ ಎರಡು ಸಾವಿರ ಡಾಲರ್ ರಿಯಾಯಿತಿ ಕೊಟ್ಟು ಅದಕ್ಕೊಂದು ಚೆಂದದ ಹೆಸರಿಟ್ಟಿರುತ್ತಾರೆ, ಅಷ್ಟೆ.

ಇರುವ ದಾರಿ, ವಿಶ್ವವಿದ್ಯಾಲಯದ ಕೆಲಸ ಮಾಡಿ ಸಂಬಳ ಪಡೆಯುವ ಅಸಿಸ್ಟೆಂಟ್‌ಶಿಪ್. ಪಾಠಕ್ಕೆ ನೆರವಾದರೆ ಟಿಎ, ಸಂಶೋಧನೆಗಾದರೆ ಆರ್‌ಎ, ಆಫೀಸು, ಹಾಸ್ಟೆಲು, ಲೈಬ್ರರಿ ಕೆಲಸಕ್ಕಾದರೆ ಜಿಎ. ಇಲಿನಾಯ್‌ನ ಅರ್ಬಾನಾ-ಶಾಂಪೇನ್‌ನಲ್ಲಿ ಶೇ. 25ರಿಂದ 67ರವರೆಗಿನ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಟ್ಯೂಷನ್ ಫೀಸು ಮಾಫಿ ಆಗುತ್ತದೆ. ಶೇ. 25 ಅಂದರೆ ವಾರಕ್ಕೆ ಹತ್ತೇ ಗಂಟೆ. ಎಲ್ಲ ಕಡೆ ನಿಯಮ ಹೀಗಿಲ್ಲ, ಕೆಲವು ಕೋರ್ಸುಗಳನ್ನು ಇದರಿಂದ ಹೊರಗಿಟ್ಟಿರುತ್ತಾರೆ ಕೂಡ. ಆದರೆ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಇದೇ: ಎಂಎಸ್‌ನವರಿಗೆ ಟಿಎ ಕೊಡುತ್ತೀರಾ, ಕೊಟ್ಟರೆ ಫೀಸು ಮಾಫಿ ಆಗುತ್ತದಾ? ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಇಮೇಲ್ ಮಾಡಿದರೆ ನೇರವಾಗಿಯೇ ಉತ್ತರ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯದು, ಅಲ್ಲಿ ಓದುತ್ತಿರುವ ನಮ್ಮ ಹುಡುಗರನ್ನೇ ಕೇಳುವುದು.

ಟಿಎ ಆಗಬೇಕಾದರೆ ಇಂಗ್ಲಿಷ್ ಮಾತಾಡುವ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬೇಕು. ಟೋಫೆಲ್‌ನಲ್ಲಿ ಸ್ಪೀಕಿಂಗ್ ಭಾಗವನ್ನು ಲಘುವಾಗಿ ತೆಗೆದುಕೊಂಡು ಟಿಎ ಕಳೆದುಕೊಂಡವರನ್ನು ಕಂಡಿದ್ದೇನೆ.

ಥೀಸಿಸ್ ಇರುವ ಎಂಎಸ್‌ನಲ್ಲಿ ಆರ್‌ಎ ಸಿಗುವ ಸಾಧ್ಯತೆ ಜಾಸ್ತಿ. ಸಿವಿಲ್, ಕೃಷಿ, ಭೂಗರ್ಭಶಾಸ್ತ್ರದಂಥ ವಿಭಾಗಗಳಲ್ಲಿ ಕಂಪ್ಯೂಟರ್ ಸೈನ್ಸ್‌ನಷ್ಟು ನೂಕುನುಗ್ಗಲು ಇರುವುದಿಲ್ಲ.

ಪ್ರೊಫೆಸರ್‌ಗಳಿಗೆ ಇಮೇಲ್ ಹಾಕಿದರೆ ಉಪಯೋಗ ಇದೆಯಾ?

"ಡಿಯರ್ ಸರ್, ಐ ಆಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ರಿಸರ್ಚ್" ಅಂತ ಇನ್ನೂರು ಜನಕ್ಕೆ ಕಳಿಸಿದರೆ ಇಲ್ಲ. ಅವರ ಇತ್ತೀಚಿನ ಒಂದು ಪೇಪರ್ ಓದಿ. ಅದರಲ್ಲಿ ನಿಮಗೆ ಕಾಡಿದ ಒಂದು ಪ್ರಶ್ನೆ, ನೀವು ಮಾಡಿದ ಪ್ರಾಜೆಕ್ಟಿನಲ್ಲಿ ಅದಕ್ಕೆ ಹತ್ತಿರವಾದ ಒಂದು ಕೆಲಸ, ಈ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂಬ ಒಂದು ಸಾಲು. ಅಷ್ಟು ಸಾಕು. ಹತ್ತು ಜನಕ್ಕೆ ಹೀಗೆ ಬರೆದರೆ ಇಬ್ಬರು ಉತ್ತರಿಸಬಹುದು. ಸಂಬಳದ ಮಾತು ಮೊದಲ ಇಮೇಲ್‌ನಲ್ಲೇ ಬೇಡ.

ಪಿಎಚ್‌ಡಿಗೆ?

ವಿಜ್ಞಾನ, ಎಂಜಿನಿಯರಿಂಗ್, ಎಕನಾಮಿಕ್ಸ್‌ನಲ್ಲಿ ಒಳ್ಳೆಯ ಕಡೆ ಸೀಟು ಸಿಕ್ಕಿತೆಂದರೆ ಫೀಸು ಮಾಫಿ, ಇನ್ಶೂರೆನ್ಸ್, ಮೇಲೆ ಸ್ಟೈಪೆಂಡ್. ಊರು ನೋಡಿ ಸ್ಟೈಪೆಂಡ್ ವರ್ಷಕ್ಕೆ 25,000 ಡಾಲರೂ ಇರುತ್ತದೆ, 45,000 ದಾಟಿದ್ದೂ ಇದೆ. ದುಡ್ಡಿಲ್ಲದ ಪಿಎಚ್‌ಡಿ ಆಫರ್ ಬಂದರೆ ಒಪ್ಪಿಕೊಳ್ಳಬೇಡಿ. ನನ್ನ ಅನುಭವದಲ್ಲಿ ಅದು ನಯವಾಗಿ ಬೇಡ ಅನ್ನುವ ರೀತಿ. ಎಂಎಸ್ ಮಾಡಿರಲೇಬೇಕು ಅಂತೇನೂ ಇಲ್ಲ, ಬಿಇ ಆದವರೂ ನೇರ ಅರ್ಜಿ ಹಾಕಬಹುದು.

2025ರಲ್ಲಿ ಫೆಡರಲ್ ಸಂಶೋಧನಾ ಹಣಕ್ಕೆ ಕತ್ತರಿ ಬಿದ್ದು ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಇಳಿಸಿದವು. ಅದಕ್ಕೇ ಆಫರ್ ಲೆಟರ್‌ನಲ್ಲಿ ಎಷ್ಟು ವರ್ಷದ ಹಣಕ್ಕೆ ಖಾತ್ರಿ ಇದೆ ಅಂತ ಬರಹದಲ್ಲಿ ಇದೆಯಾ ನೋಡಿ.

ಹೊರಗಿನ ಸ್ಕಾಲರ್‌ಶಿಪ್‌ಗಳಲ್ಲಿ ಯಾವುದಕ್ಕೆ ಸಮಯ ಕೊಡಬಹುದು?

ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ ಒಳ್ಳೆಯದು. ಫೀಸು, ವಿಮಾನ ಟಿಕೆಟ್, ಜೀವನ ಖರ್ಚು ಎಲ್ಲ ಬರುತ್ತದೆ. ಆದರೆ ಮೂರು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಪತ್ರಿಕೋದ್ಯಮ, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಪರಿಸರ, ಮಹಿಳಾ ಅಧ್ಯಯನದಂಥ ವಿಷಯಗಳಿಗೆ ಅದು. ಕಂಪ್ಯೂಟರ್ ಎಂಎಸ್‌ಗಲ್ಲ. ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗುತ್ತೀರಿ. ಮುಗಿದ ಮೇಲೆ ಎರಡು ವರ್ಷ ಊರಲ್ಲಿ ಇರಬೇಕು.

ಇನ್ಲ್ಯಾಕ್ಸ್ ಸ್ಕಾಲರ್‌ಶಿಪ್ ಕೂಡ ಎಂಜಿನಿಯರಿಂಗ್, ಬಿಸಿನೆಸ್‌ನವರಿಗೆ ಇಲ್ಲ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ನಡೆಯುತ್ತಿದೆ. ಅದು 'ಲೋನ್ ಸ್ಕಾಲರ್‌ಶಿಪ್', ಅಂದರೆ ವಾಪಸ್ ಕೊಡಬೇಕಾದ ದುಡ್ಡು. ಕೆ.ಸಿ. ಮಹೀಂದ್ರಾ, ನರೋತ್ತಮ್ ಸೆಖ್ಸಾರಿಯಾ ಅವರದ್ದು ಬಡ್ಡಿಯಿಲ್ಲದ ಸಾಲ. ಇವು ಪೂರ್ತಿ ಖರ್ಚನ್ನು ಹೊರುವುದಿಲ್ಲ, ಬ್ಯಾಂಕ್ ಸಾಲದ ಭಾರ ಸ್ವಲ್ಪ ಇಳಿಸುತ್ತವೆ.

ನಮ್ಮ ಸರ್ಕಾರಗಳಿಂದ?

ಎಸ್‌ಸಿ, ಅಲೆಮಾರಿ ಸಮುದಾಯಗಳು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಮಾಸ್ಟರ್ಸ್, ಪಿಎಚ್‌ಡಿಗೆ. ವರ್ಷಕ್ಕೆ 125 ಮಂದಿಗೆ, ಮನೆಯ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ. ಎಸ್‌ಟಿಗೆ ಬೇರೆ ಸಚಿವಾಲಯದ್ದು ಬೇರೆ ಯೋಜನೆ.

ಕರ್ನಾಟಕದಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲ ಕೇಳಬಹುದು. ಒಂದು ಕಿವಿಮಾತು: ಹಣ ಮಂಜೂರಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ತಿಂಗಳುಗಳು ಹಿಡಿಯಬಹುದು. ಮೊದಲ ಸೆಮಿಸ್ಟರ್‌ನ ಫೀಸಿಗೆ ಬೇರೆ ದಾರಿ ಇಟ್ಟುಕೊಂಡಿರಿ.

'ಪಢೋ ಪರದೇಸ್' (ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ಕೇಂದ್ರ ಕೊಡುತ್ತಿದ್ದ ನೆರವು) ಅಂತ ಇನ್ನೂ ಹಲವೆಡೆ ಬರೆದಿರುತ್ತಾರೆ. 2022-23ರಿಂದ ಅದು ನಿಂತಿದೆ.

ಬ್ಯಾಂಕ್ ಸಾಲಕ್ಕೆ ಏನೇನು ಬೇಕು?

ಸಾಮಾನ್ಯವಾಗಿ 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಅಮೆರಿಕಕ್ಕೆ ಅದು ಎಲ್ಲಿ ಸಾಕಾಗುತ್ತದೆ? ಮೇಲಿನದಕ್ಕೆ ಮನೆಯೋ ಸೈಟೋ ಇಡಬೇಕು. ಇಲ್ಲೇ ನಮ್ಮವರು ಸಿಕ್ಕಿಬೀಳುವುದು. ಕೃಷಿ ಜಮೀನನ್ನು ಬ್ಯಾಂಕುಗಳು ಇದಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಿ ಖಾತಾ, ರೆವಿನ್ಯೂ ಸೈಟು ಅಂದರೆ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಖಾತಾ, ಇಸಿ, ತಾಯಿಪತ್ರ, ಕಂದಾಯ ರಸೀದಿ ಸೀಟು ಬರುವ ಮುಂಚೆಯೇ ಸರಿಮಾಡಿಸಿ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಾದರೆ ಅಡಮಾನ ಇಲ್ಲದೆ ದೊಡ್ಡ ಮೊತ್ತ ಕೊಡುವ ಬ್ಯಾಂಕುಗಳೂ ಇವೆ.

ಬಡ್ಡಿ ಓದುವಾಗಲೂ ಏರುತ್ತಲೇ ಇರುತ್ತದೆ. ಆಗುವುದಾದರೆ ಅಷ್ಟನ್ನಾದರೂ ತಿಂಗಳು ತಿಂಗಳು ಕಟ್ಟಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಕಟ್ಟಿದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಸಿಗುತ್ತದೆ.

ಹೋದಮೇಲೆ ದುಡಿದು ಫೀಸು ಕಟ್ಟಬಹುದಾ?

ಆಗಲ್ಲ. ಎಫ್-1ನಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ. ಕೆಫೆಟೇರಿಯಾ ದುಡಿಮೆಯಲ್ಲಿ ದಿನಸಿ, ಬಾಡಿಗೆಯ ಒಂದು ಪಾಲು ಸಾಗಬಹುದು. ಹೊರಗಡೆ ಗ್ಯಾಸ್ ಸ್ಟೇಷನ್‌ನಲ್ಲಿ ನಗದಿಗೆ ನಿಂತವರ ಕಥೆ ಕೇಳಿರುತ್ತೀರಿ. ಸಿಕ್ಕಿಬಿದ್ದರೆ ವೀಸಾ ಸ್ಥಿತಿಯೇ ಹೋಯಿತು, ಓದೂ ಹೋಯಿತು.

ವೀಸಾಗೆ ಮುಂಚೆಯೂ ಮೊದಲ ವರ್ಷದ ಪೂರ್ತಿ ಖರ್ಚಿಗೆ ದುಡ್ಡು ಇದೆ ಅಂತ ತೋರಿಸಿದರೇ ಐ-20, ಅಂದರೆ ವೀಸಾಗೆ ಬೇಕಾದ ಕಾಲೇಜಿನ ಪತ್ರ, ಬರುವುದು. ಕಾಲೇಜು ಕೊಟ್ಟ ಸಹಾಯ ಅದರಲ್ಲೇ ಅಚ್ಚಾಗಿರುತ್ತದೆ, ಉಳಿದದ್ದಕ್ಕೆ ಸಾಲದ ಮಂಜೂರಾತಿ ಪತ್ರ ಸಾಕು. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ) ಫೀಸು 350 ಡಾಲರ್, ವೀಸಾ ಅರ್ಜಿ 185, ಇವನ್ನೂ ಲೆಕ್ಕಕ್ಕೆ ಸೇರಿಸಿ.

ಸ್ಕಾಲರ್‌ಶಿಪ್‌ಗೆ ತೆರಿಗೆ ಇದೆಯಾ?

ಟ್ಯೂಷನ್‌ಗೆ ಹೋದ ಭಾಗಕ್ಕೆ ಇಲ್ಲ. ಊಟ ವಸತಿಗೆ ಕೊಟ್ಟದ್ದಕ್ಕೆ ಇದೆ, ಎಫ್-1ನವರಿಂದ ಸಾಮಾನ್ಯವಾಗಿ ಶೇ. 14 ಮೊದಲೇ ಹಿಡಿಯುತ್ತಾರೆ. ಸ್ಟೈಪೆಂಡ್‌ಗೂ ತೆರಿಗೆ ಇದೆ. ಆದರೆ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ. ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ 1040-ಎನ್‌ಆರ್ ಎಂಬ ವಿದೇಶಿಯರ ತೆರಿಗೆ ಫಾರ್ಮ್ ತುಂಬುವಾಗಲೂ ನಾವು ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಬಹುದು. 2024ಕ್ಕೆ ಅದು 14,600 ಡಾಲರ್. ನನ್ನ ಪಕ್ಕದ ಮೇಜಿನ ಬೇರೆ ದೇಶದ ಗೆಳೆಯನಿಗೆ ಇದು ಸಿಗುತ್ತಿರಲಿಲ್ಲ, ಪ್ರತಿ ಏಪ್ರಿಲ್‌ನಲ್ಲೂ ಗೊಣಗುತ್ತಿದ್ದ.

ಕನ್ಸಲ್ಟೆನ್ಸಿಯವರು ಸ್ಕಾಲರ್‌ಶಿಪ್ ಗ್ಯಾರಂಟಿ ಅಂತಾರೆ, 60,000 ರೂಪಾಯಿ ಕೇಳ್ತಾರೆ.

ಕೊಡಬೇಡಿ. ಗ್ಯಾರಂಟಿ ಕೊಡುವ ಅಧಿಕಾರ ಅವರಿಗೆ ಯಾರೂ ಕೊಟ್ಟಿಲ್ಲ. ತಮಗೆ ಕಮಿಷನ್ ಕೊಡುವ ಕಾಲೇಜುಗಳನ್ನೇ ತೋರಿಸುವವರೂ ಇದ್ದಾರೆ. ಅಮೆರಿಕ ಸರ್ಕಾರದ ಎಜುಕೇಷನ್‌ಯುಎಸ್‌ಎ ಕೇಂದ್ರಗಳು ಪುಕ್ಕಟೆ ಮಾಹಿತಿ ಕೊಡುತ್ತವೆ, ಮೊದಲು ಅಲ್ಲಿ ಕೇಳಿ.

ಆಫರ್ ಬಂದಿದೆ, ಆದರೆ ಸಾಲುವುದಿಲ್ಲ. ಚೌಕಾಸಿ ಮಾಡಬಹುದಾ?

ಮಾಡಬಹುದು, ಸಂತೆಯ ಥರ ಅಲ್ಲ. ಬ್ಯಾಚುಲರ್ಸ್‌ನವರು ಏಡ್ ಆಫೀಸಿಗೆ ಅಪೀಲ್ ಬರೆಯಬಹುದು. ಅಪ್ಪನ ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು, ಇನ್ನೊಂದು ಕಾಲೇಜು ಇಷ್ಟು ಕೊಟ್ಟಿದೆ, ಹೀಗೆ ಹೊಸ ಕಾರಣ ಮತ್ತು ಕಾಗದ ಎರಡೂ ಇರಬೇಕು. ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಮೊದಲೇ ಒಪ್ಪಿ ಅರ್ಜಿ ಹಾಕುವ ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕವರಿಗೂ ಏಡ್ ಸಾಲದೆ ಹೋದರೆ ಬಿಡುಗಡೆ ಕೇಳುವ ದಾರಿ ಇದೆ.

ಎಂಎಸ್, ಪಿಎಚ್‌ಡಿಯವರಿಗೆ ಏಪ್ರಿಲ್ 15 ನೆನಪಿರಲಿ. ಹಣದ ಜೊತೆ ಬಂದ ಆಫರ್‌ಗೆ ಆ ದಿನದವರೆಗೆ ಉತ್ತರ ಕೊಡಬೇಕಿಲ್ಲ ಅಂತ ಅಲ್ಲಿನ ನೂರಾರು ವಿಶ್ವವಿದ್ಯಾಲಯಗಳು ಸೇರಿ ಒಪ್ಪಿಕೊಂಡಿವೆ. ಮಾರ್ಚ್‌ನಲ್ಲಿ ಯಾರಾದರೂ "ಮೂರು ದಿನದಲ್ಲಿ ಹೇಳಿ" ಅಂದರೆ ಆ ಒಪ್ಪಂದದ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ನೋಡಿ, ಇದ್ದರೆ ವಿನಯವಾಗಿ ನೆನಪಿಸಿ. ವೇಟ್‌ಲಿಸ್ಟ್‌ನಲ್ಲಿರುವವರೂ ಏಪ್ರಿಲ್ 14ರ ರಾತ್ರಿ ಫೋನ್ ಆಫ್ ಮಾಡಿ ಮಲಗಬೇಡಿ. ಬೇರೆಯವರು ಬಿಟ್ಟುಕೊಟ್ಟ ಟಿಎ, ಆರ್‌ಎ ಜಾಗ ಕೈಬದಲಾಗುವುದು ಆ ಎರಡು ದಿನದಲ್ಲೇ. ನನಗೆ ಆಫರಿನ ಫೋನ್ ಬಂದದ್ದು 15ರ ಬೆಳಗಿನ ಜಾವ ನಾಲ್ಕೂವರೆಗೆ. ಅಮ್ಮ ಯಾರೋ ತೀರಿಹೋದ ಸುದ್ದಿ ಅಂದುಕೊಂಡು ಎದ್ದು ಬಂದಿದ್ದರು.